ಪಟ್ಟೆಯಕ್ಕನ ಖಾಲಿ ಮನೆ

ನಮ್ಮ ಪ್ರಯೋಗಾಲಯದಲ್ಲಿ ಅವಳನ್ನು ನಿಜ ಹೆಸರಿನಿಂದ ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ಪಟ್ಟೆಯಕ್ಕ. ಇಲಿಯ ಲಿವರ್ ಅರೆದು ಸೋಸಿದ ರಸವನ್ನು ಜೆಲ್ಲಿಯಂಥ ತೆಳು ಹಲಗೆಯಲ್ಲಿ ಕೊರೆದ ಸಾಲು ಮನೆಗಳಿಗೆ ತೊಟ್ಟುತೊಟ್ಟಾಗಿ ಬಿಡುವುದು, ಕರೆಂಟು ಹಾಯಿಸುವುದು, ಅಂಗೈಯಗಲದ ಬಿಳಿ ಹಾಳೆಗೆ ಇಳಿಸುವುದು, ಮೇಲೆ ಆ್ಯಂಟಿಬಾಡಿ ಹಾಕುವುದು. ಇಪ್ಪತ್ತೆರಡು ವರ್ಷ ಇದೇ ಕೆಲಸ. ಆ್ಯಂಟಿಬಾಡಿ ಲಿವರಿನ ಒಂದೇ ಒಂದು ಕಿಣ್ವವನ್ನು ಹುಡುಕಿ ಅಂಟಿಕೊಳ್ಳಬೇಕು. ಅಂಟಿದ ಕಡೆ ಕಪ್ಪು ಪಟ್ಟೆ ಮೂಡುತ್ತದೆ. ಕೊನೆಯ ಮನೆಗೆ ಮಾತ್ರ ಅವಳು ಆ ಕಿಣ್ವವೇ ಇಲ್ಲದ ಇಲಿಯ ರಸ ಬಿಡುತ್ತಿದ್ದಳು. ಅಲ್ಲಿ ಏನೂ ಮೂಡಬಾರದು. ಅದನ್ನು ಖಾಲಿ ಮನೆ ಎನ್ನುತ್ತಿದ್ದಳು.

ಆ ವರ್ಷ ಹೊಸ ಆ್ಯಂಟಿಬಾಡಿಯ ಸೀಸೆಯನ್ನು ಐಸಿನ ಡಬ್ಬಿಯಿಂದ ತೆಗೆದು ಕೊಟ್ಟವನು ನಾನು, ಸ್ಟೋರಿನವನು. ಖಾಲಿ ಮನೆಯಲ್ಲಿ ದಪ್ಪನೆ ಪಟ್ಟೆ ಬಂತು. ಮೊದಲಿಂದ ಮಾಡಿದಳು. ಮೂರು ಸಲವೂ ಬಂತು.

“ತಮ್ಮಾ, ಇದು ಸಿಕ್ಕಿದ್ದಕ್ಕೆಲ್ಲ ಅಂಟ್ಕೊಳ್ತಿದೆ ಕಣೋ. ಇದನ್ನ ನಂಬಿದ್ರೆ ಕೆಟ್ವಿ.”

ಮುಖ್ಯಸ್ಥರ ಲೇಖನ ಆಗಲೇ ಬರೆದು ಮುಗಿದಿತ್ತು, ಚಿತ್ರವೊಂದೇ ಬಾಕಿ. ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಂಡು, ಅದನ್ನೊಮ್ಮೆ ನೋಡಿ, ಮತ್ತೆ ಪೆನ್ನಿಗೇ ಹಾಕುವ ಮನುಷ್ಯ. ಅಂದೂ ಅದನ್ನೇ ಮಾಡುತ್ತ ಹೇಳಿದರು.

“ನೋಡಿಯಮ್ಮಾ, ಉಳಿದಿದ್ದೆಲ್ಲ ಚೆನ್ನಾಗೇ ಬಂದಿದೆ. ಕೊನೇದು ಕತ್ತರಿಸಿಬಿಟ್ರೆ ಯಾರಿಗೆ ಗೊತ್ತಾಗತ್ತೆ? ಹೇಳಿದ ಹಾಗೆ ಈ ಸಲ ನಿಮ್ಮ ಹೆಸರೂ ಹಾಕಿದೀನಿ.”

ಅಷ್ಟು ವರ್ಷದಲ್ಲಿ ಒಂದು ಲೇಖನದಲ್ಲೂ ಅವಳ ಹೆಸರು ಬಂದಿರಲಿಲ್ಲ. ನಿವೃತ್ತಿಗೆ ನಾಲ್ಕೇ ತಿಂಗಳು. ಈ ಸಲ ಹೆಸರು ಬರುತ್ತದೆಂದು ಮೊದಲೇ ಕೇಳಿದ್ದ ಅವಳ ಗಂಡ, ಬಸ್ಸಿನ ಡ್ರೈವರು, ಆ ಹೆಸರಿರುವ ಪುಟ ಹಾಕಿಸಲೆಂದು ಗಾಜಿನ ಫ್ರೇಮನ್ನೂ ತಂದಿಟ್ಟಿದ್ದ.

“ಹಾಗಿದ್ರೆ ನನ್ನ ಹೆಸರು ತೆಗೀರಿ ಸಾರ್,” ಎಂದಳು.

ತೆಗೆದರು. ಎಲೆಯ ಮೇಲಿನ ನೊಣ ಓಡಿಸಿದಷ್ಟು ಸಲೀಸಾಗಿ. ಥೂ, ಎನಿಸಿತು ನನಗೆ.

ಎರಡು ತಿಂಗಳಿಗೆ ಲೇಖನ ಬಂತು. ಊಟದ ಹೊತ್ತಿಗೆ ಅವಳಿಗೆ ತೋರಿಸಿದೆ. ಆಶ್ಚರ್ಯ, ಚಿತ್ರದಲ್ಲಿ ಖಾಲಿ ಮನೆಯೂ ಇತ್ತು, ಒರೆಸಿಟ್ಟಷ್ಟು ಶುಭ್ರವಾಗಿ! ಅವಳು ಕನ್ನಡಕ ಏರಿಸಿ ಬಗ್ಗಿದಳು. ಆ ಮನೆಯ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ.

“ಇದು ನನ್ನ ಗುಳ್ಳೆ,” ಎಂದಳು ಮೆಲ್ಲಗೆ.

ಏಳು ವರ್ಷದ ಹಿಂದೆ ಹಾಳೆಯ ಕೆಳಗೆ ಗಾಳಿ ಸೇರಿ ಆದ ಗುಳ್ಳೆಯದು. ಅದಕ್ಕಾಗಿ ಇದೇ ಮುಖ್ಯಸ್ಥರು ಎಲ್ಲರೆದುರು ಅವಳನ್ನು ಬಾಯಿಗೆ ಬಂದಂತೆ ಬೈದಿದ್ದರು. ಈಗ ಆ ಹಳೆಯ ಚಿತ್ರದ, ಒಳ್ಳೆಯ ಆ್ಯಂಟಿಬಾಡಿಯಲ್ಲಿ ಮಾಡಿದ ಖಾಲಿ ಮನೆಯನ್ನೇ ಕತ್ತರಿಸಿ ತಂದು ಹೊಸ ಸುಳ್ಳಿನ ಪಕ್ಕ ಅಂಟಿಸಿದ್ದರು. ನಾನು ಅರ್ಧ ಉಂಡ ಊಟದ ಡಬ್ಬಿ ಮುಚ್ಚಿಟ್ಟೆ.

ಪಟ್ಟೆಯಕ್ಕ ಕಪಾಟಿನಿಂದ ಗುಳ್ಳೆಯಾದ ವರ್ಷದ ನೋಟ್‌ಬುಕ್ ತಂದಳು. ಪೂರ್ತಿ ಚಿತ್ರ, ತಾರೀಕು, ಗುಳ್ಳೆ, ಎಲ್ಲ ಅಲ್ಲೇ ಇತ್ತು. ಪುಟದ ಪ್ರತಿ ತೆಗೆದು, ಪತ್ರಿಕೆಯ ಸಂಪಾದಕರಿಗೆ ನಾಲ್ಕು ಸಾಲು ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು. ಆ ಪತ್ರಿಕೆಗೆ ಅವಳ ಹೆಸರು ಹೋಗುತ್ತಿದ್ದದ್ದು ಅದೇ ಮೊದಲು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದಳು.

“ಸೀಸೆ ಕೊಟ್ಟವನು ನೀನೇ ಅಲ್ವೇನೋ. ಸಾಕ್ಷಿ ಅಂತ ಒಂದು ಸಹಿ ಹಾಕು.”

“ಸ್ಟೋರಿಗೆ ಬೀಗ ಹಾಕಿಲ್ಲ ಅಕ್ಕಾ, ಬಂದೆ ಇರು,” ಎಂದು ಎದ್ದೆ.

ಬೀಗ ಹಾಕಿಯೇ ಬಂದಿದ್ದೆ. ಹಿಂತಿರುಗಿ ಹೋಗಲಿಲ್ಲ. ಮುಖ್ಯಸ್ಥರನ್ನು ಕಂಡಾಗಲೆಲ್ಲ ಥೂ ಎನ್ನುತ್ತಿದ್ದ ಬಾಯಿಗೆ ಅಂದಿನಿಂದ ಆ ಮಾತು ಬರುತ್ತಿಲ್ಲ.