ಎಡೆಯ ದಿನ ಅಳಿಸಿದ ರಂಗೋಲಿ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ರೂಪ ಹೋಗಲಿಲ್ಲ! ಹೆಸರು ಹೇಳದವರನ್ನು ನಂಬಿ ಮನೆ ಬಿಟ್ಟು ಹೊರಟಿದ್ದ ನನ್ನ ಮೊಮ್ಮಗಳು ಕಟ್ಟಿದ ಬ್ಯಾಗು ಬಿಚ್ಚಿ ಮನೆಯಲ್ಲೇ ಉಳಿದಳು. ಎಷ್ಟೋ ವರ್ಷವಾಯಿತು, ಈಗ ಬರೆಯುವಾಗಲೂ ಅವತ್ತಿನ ಹಿಗ್ಗು ತಡೆಯಲಾಗುವುದಿಲ್ಲ. ಆದರೆ ಅದರ ಜೊತೆಗೇ ಒಂದು ಅಂಜಿಕೆಯೂ ಉಳಿದಿದೆ.

ಕಣಿ, ಶಕುನ ಯಾವುದನ್ನೂ ನಂಬಿದವಳಲ್ಲ ನಾನು. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬಾಗಿಲಿಗೆ ಬಂದ ಬುಡುಬುಡಿಕೆಯವನಿಗೆ ಅಕ್ಕಿ ಹಾಕಿ, "ಮಾತು ಬೇಡಪ್ಪ, ಮುಂದಕ್ಕೋಗು" ಎಂದು ಕಳಿಸುತ್ತಿದ್ದೆ.

ಶ್ರೀರಾಂಪುರದ ನಮ್ಮ ಮನೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಕಾಲೇಜು ಓದುತ್ತಿದ್ದ ರೂಪ ಅದರಲ್ಲಿ ಯಾವುದೋ ಗುಂಪಿಗೆ ಸೇರಿಕೊಂಡಿದ್ದಳು. ಅಲ್ಲಿ ಯಾರಿಗೂ ಹೆಸರಿಲ್ಲ, ಮುಖವಿಲ್ಲ. ಬಾಳೆಗೊನೆಯ ಚಿತ್ರ ಹಾಕುತ್ತಾರಂತೆ. ನಮ್ಮಂಥವರಿಗೆ ಅದು ಬಾಳೆಗೊನೆ, ಗುಂಪಿನವರಿಗೆ ಅದರೊಳಗೆ ಅಡಗಿಸಿದ ಮಾತು. ಒಂದು ಸಂಜೆ ಪರದೆಯ ಮೇಲೆ ಅಂಕಿ, ಅಕ್ಷರ ಕಲಸಿದ ಉದ್ದನೆಯ ಸಾಲು ಕಂಡಿತು. ಅದಕ್ಕೆ ಹ್ಯಾಷ್ ಅನ್ನುತ್ತಾರಂತೆ.

"ಏನೇ ಇದು, ಕೋಳಿ ಕೆದರಿದಂಗೆ?" ಎಂದೆ.

"ಮಿಲ್ಲಲ್ಲಿ ರಾಗಿ ಬೀಸಿಸ್ತೀಯಲ್ಲ ಅಜ್ಜಿ, ಹಂಗೆ. ಮಾತು ಬೀಸಿದ್ರೆ ಈ ಹಿಟ್ಟು ಬರುತ್ತೆ. ಹಿಟ್ಟಿಂದ ವಾಪಸ್ ಕಾಳು ಮಾಡಕ್ಕಾಗಲ್ಲ. ನಾಳೆ ಏನಾಗುತ್ತೆ ಅನ್ನೋದನ್ನ ಅವ್ರು ಇವತ್ತೇ ಬೀಸಿಟ್ಟಿದಾರೆ, ನಾಳೆ ಕಾಳು ತೋರಿಸ್ತಾರೆ. ಬೀಸಿ ನೋಡಿದ್ರೆ ಇದೇ ಹಿಟ್ಟು ಬರ್ಬೇಕು. ಒಂದಕ್ಷರ ಬದಲಾದ್ರೂ ಹಿಟ್ಟೇ ಬೇರೆ. ಮೋಸ ನಡೆಯಲ್ಲ."

ನಾಳೆಯ ಆ ಮಾತು ನಿಜವಾದರೆ ಅವಳು ಅವರು ಹೇಳಿದ ಊರಿಗೆ ರೈಲು ಹತ್ತಬೇಕಿತ್ತು. ಅದನ್ನು ಮಾತ್ರ ಅವಳು ನನಗೆ ಹೇಳಲಿಲ್ಲ. ಮಂಚದ ಕೆಳಗೆ ಕಟ್ಟಿಟ್ಟ ಬ್ಯಾಗು ಕಂಡು ನನಗೇ ಅನುಮಾನ ಹತ್ತಿತ್ತು.

ಮರುದಿನ ನಮ್ಮ ಮಾವನವರಿಗೆ ಎಡೆ ಇಡುವ ದಿನ. ಹಿರಿಯರಿಗೆ ಎಡೆ ಇಡುವ ದಿನ ನಮ್ಮಲ್ಲಿ ಬಾಗಿಲಿಗೆ ರಂಗೋಲಿ ಹಾಕುವುದಿಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಮ್ಮೆಯೂ ತಪ್ಪಿರಲಿಲ್ಲ. ಅವತ್ತು ಬ್ಯಾಗಿನ ಯೋಚನೆಯಲ್ಲೇ ಎದ್ದವಳು ನೀರು ಚಿಮುಕಿಸಿ, ಚುಕ್ಕಿಯಿಟ್ಟು ಎಳೆದೇಬಿಟ್ಟೆ. ನೆನಪಾದ ಕೂಡಲೇ ಒಂದು ಬಿಂದಿಗೆ ನೀರು ಸುರಿದು ತೊಳೆದೆ. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಕಡುಬಿಗೆ ಹಿಟ್ಟು ನಾದುತ್ತಿದ್ದೆ. ರೂಪ ಓಡಿಬಂದಳು.

"ಅಜ್ಜಿ, ಬೆಳಿಗ್ಗೆ ರಂಗೋಲಿ ಹಾಕಿ ಅಳಿಸಿದ್ಯಾ?"

"ನಿಂಗ್ಯಾರೇ ಹೇಳಿದ್ದು?"

ಕರೆದುಕೊಂಡು ಹೋಗಿ ಪರದೆ ತೋರಿಸಿದಳು. ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಹೇಳಿದಳು: ನಾಳೆ ನಿನ್ನ ಮನೆ ಮುಂದೆ ರಂಗೋಲಿ ಹಾಕಿ ಅಳಿಸುತ್ತಾರೆ. ನನ್ನೆದುರೇ ಆ ಮಾತನ್ನು ಬೀಸಿ ನೋಡಿದಳು. ಹಿಂದಿನ ಸಂಜೆಯ ಸಾಲೇ ಬಂತು. ನಾನು ತಪ್ಪುವ ಮೊದಲೇ ನನ್ನ ತಪ್ಪು ಅವರ ಹತ್ತಿರ ಇತ್ತು.

"ಅವ್ರಿಗೆ ಎಲ್ಲಾ ಗೊತ್ತು ಅಜ್ಜಿ. ನಾನು ಇವತ್ತೇ ಹೋಗ್ಬೇಕು," ಎಂದು ಅಳತೊಡಗಿದಳು. ರೈಲಿನ ವಿಚಾರ ಆಗ ಹೊರಬಿತ್ತು.

ಬೈದರೆ ಹೊರಟೇಹೋಗುತ್ತಾಳೆ ಎನ್ನಿಸಿತು. "ಹೋಗುವಂತೆ. ಯಾರ ಮನೆಗೆ ಅಂತ ನಿಮ್ಮಪ್ಪಂಗೆ ಹೇಳ್ಬೇಕಲ್ಲ, ಹೆಸರು ಕೇಳು," ಎಂದೆ.

ಕೇಳಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಅಂಥದ್ದೇ ಇನ್ನೊಂದು ಉದ್ದನೆಯ ಸಾಲು.

"ಅಯ್ಯೋ, ಹೆಸರನ್ನೂ ಬೀಸಿ ಕಳಿಸವ್ರಲ್ಲೇ! ನಮ್ಮನೆ ಹೊಸಿಲು ಅವ್ರಿಗೆ ಗೊತ್ತಿರ್ಬೇಕು, ಅವ್ರ ಹೆಸರು ನಮಗೆ ಗೊತ್ತಾಗ್ಬಾರ್ದಾ?"

"ಹೌದಲ್ಲ ಅಜ್ಜಿ, ಈ ಹಿಟ್ಟಿಂದ ಹೆಸರು ತಿಳ್ಕೊಳಕ್ಕಾಗಲ್ಲ," ಎಂದಳು ರೂಪ. ಆಮೇಲೆ ಕಂಪ್ಯೂಟರ್ ಆರಿಸಿ, ಬ್ಯಾಗು ಎಳೆದು, ಬಟ್ಟೆಗಳನ್ನೆಲ್ಲ ಬೀರುವಿಗೆ ಹಾಕಿದಳು. ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡೆ.

ಅವರಿಗೆ ಹೇಗೆ ತಿಳಿಯಿತು? ಓದಿದವರನ್ನು ಕೇಳಿದ್ದೇನೆ. ಯಾರೋ ನೋಡಿರಬೇಕು ಎನ್ನುತ್ತಾರೆ. ನೋಡಿದವರು ಹಿಂದಿನ ಸಂಜೆಯೇ ಹೇಗೆ ಬರೆದಿಟ್ಟರು? ನನಗಂತೂ ಇವತ್ತಿಗೂ ಗೊತ್ತಾಗಿಲ್ಲ.

ಅವತ್ತು ಸಂಜೆ ಎಡೆ ಇಟ್ಟು ಕೈಮುಗಿದು ಮನೆಮಂದಿಯೆಲ್ಲ ನಡುಮನೆಯಲ್ಲಿ ಎಲೆ ಹಾಕಿಕೊಂಡು ಕೂತೆವು. ರೂಪಳ ಎಲೆಗೆ ಕಡುಬಿನ ಮೇಲೆ ಕಡುಬು ಹಾಕುತ್ತಿದ್ದರೆ ನಮ್ಮ ಯಜಮಾನರು, "ನಾವೂ ಇದ್ದೀವಿ ಕಣೆ ಇಲ್ಲಿ," ಎಂದು ರೇಗಿಸಿದರು. ಎಲ್ಲರೂ ನಕ್ಕರು, ರೂಪಳೂ ನಕ್ಕಳು. ನಾನು ಎದ್ದು ಬೀದಿಬಾಗಿಲು ಹಾಕಿ ಬಂದೆ.

"ಇಷ್ಟು ಸೆಖೇಲಿ ಬಾಗಿಲು ಯಾಕೆ ಹಾಕ್ದೆ?" ಎಂದರು ಯಜಮಾನರು.

"ಇರ್ಲಿ ಬಿಡಿ, ಊಟ ಮಾಡಿ," ಎಂದು ರೂಪಳ ಪಕ್ಕ ಕೂತು ನಾನೂ ಎಲೆಗೆ ಕೈಹಾಕಿದೆ.