ಕೂಡಿಟ್ಟ ಇಂಟರ್ನೆಟ್ಟು

ನಮ್ಮೂರ ಗ್ರಂಥಾಲಯದಲ್ಲಿ ಮೊಳದಗಲದ ಒಂದು ಕೌದಿ ಇದೆ. ಅದು ಹಾಸಲಿಕ್ಕಲ್ಲ, ಹೊದೆಯಲಿಕ್ಕೂ ಅಲ್ಲ. ಸರ್ಕಾರ ಪುಕ್ಕಟೆ ಕೊಟ್ಟ ಇಂಟರ್ನೆಟ್ ಡಬ್ಬಿಯ ಮೇಲೆ ಮುಚ್ಚಲಿಕ್ಕೆಂದು ಹೊಲಿಸಿದ್ದು. ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು, ಇರುವೆ ಸಾಲಿನಂಥ ಹೊಲಿಗೆ ಹಾಕಿ, ನಾಲ್ಕು ಮೂಲೆಗೂ ಕೆಂಪು ಗೊಂಡೆ ಕಟ್ಟಿದ ಅದನ್ನು ಕಂಡರೆ, ಮುಂದಿನ ಜನ್ಮದಲ್ಲಿ ಆ ಡಬ್ಬಿಯಾಗಿಯೇ ಹುಟ್ಟೋಣ ಎಂದು ನಿಮಗೂ ಅನಿಸೀತು. ಊರು ಮುಂಡರಗಿ ತಾಲೂಕಿನಲ್ಲಿ, ಹಮ್ಮಿಗಿಯ ಆಸುಪಾಸಿನಲ್ಲಿದೆ ಎಂದಷ್ಟೇ ಹೇಳುತ್ತೇನೆ. ಹೆಸರು ಹೇಳಿದರೆ ಗ್ರಂಥಾಲಯ ನೋಡಿಕೊಳ್ಳುವ ನೀಲಕ್ಕ ನಾಳೆಯಿಂದ ನನಗೆ ಪೇಪರು ಕೊಡುವುದಿಲ್ಲ, ಮತ್ತು ನನ್ನಂಥ ನಿವೃತ್ತ ಮಾಸ್ತರ ಮುಂಜಾನೆ ಪೇಪರಿಲ್ಲದೆ ಮನೆಯಲ್ಲಿ ಕುಳಿತರೆ ಹೆಂಡತಿ ಕೈಗೆ ಕಸಬರಿಗೆ ಕೊಡುತ್ತಾಳೆ.

ಸಬ್ಸಿಡಿ ಎಂಬ ಮಹಾಪ್ರಸಾದದೊಂದಿಗೆ ನಮ್ಮ ಸೀಮೆಯವರ ಸಂಬಂಧ ಬಲು ಸೃಜನಶೀಲವಾದದ್ದು. ಹನಿ ನೀರಾವರಿಗೆಂದು ಬಂದ ಪೈಪು ಇಲ್ಲಿ ಅರಿವೆ ಒಣಹಾಕುವ ಹಗ್ಗವಾಗಿದೆ. ರಾಶಿ ಮುಚ್ಚಲೆಂದು ಬಂದ ತಾಡಪತ್ರಿಯ ನೆರಳಲ್ಲಿ ಎಷ್ಟೋ ಮದುವೆಗಳಾಗಿ, ಆ ಮದುವೆಯ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ. ವಿಧಾನಸೌಧದಲ್ಲಿ ಕುಳಿತವರು ಒಂದು ಬಗೆದು ಕೊಟ್ಟರೆ ನಾವು ಇನ್ನೊಂದು ಬಗೆದು ಪಡೆಯುತ್ತೇವೆ, ಇಬ್ಬರೂ ಸುಖವಾಗಿರುತ್ತೇವೆ. ಆದರೆ ಈ ಇಂಟರ್ನೆಟ್ಟನ್ನು ಏನು ಮಾಡುವುದು? ಕಟ್ಟಲು ಬರುವುದಿಲ್ಲ, ಹಾಸಲು ಬರುವುದಿಲ್ಲ, ಎಮ್ಮೆಗೆ ಹಾಕಿದರೆ ಎಮ್ಮೆಯೂ ಮೂಸುವುದಿಲ್ಲ. ಕಡೆಗೆ ನೀಲಕ್ಕ, ತನ್ನ ತವರಿನವರು ಹೆಚ್ಚಾದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಮುಚ್ಚಿಡುತ್ತಿದ್ದುದನ್ನು ನೆನೆದು, ಇದನ್ನೂ ಹಾಗೆಯೇ ಕೂಡಿಡಲು ನಿಶ್ಚಯಿಸಿದಳು.

ಸಂಜೆ ಒಂದು ತಾಸು ಕೌದಿ ತೆಗೆದು ಗುಂಡಿ ಒತ್ತುವುದು, ತಾಸು ಮುಗಿದೊಡನೆ ಗುಂಡಿ ಆರಿಸಿ ಕೌದಿ ಮುಚ್ಚುವುದು. ಹೀಗೆ ದಿನದಿನವೂ ಉಳಿಯುತ್ತ ಹೋದದ್ದೆಲ್ಲ ಡಬ್ಬಿಯ ಹೊಟ್ಟೆಯಲ್ಲಿ ಜಮೆಯಾಗುತ್ತಿದೆ ಎಂಬುದು ಆಕೆಯ ನಂಬಿಕೆ.

“ಪರೀಕ್ಷಾ ಮುಂದ ಹುಡುಗರಿಗೆ ಬೇಕಾಗ್ತೈತ್ರಿ ಮಾಸ್ತರ್ರ. ಈಗ ಎಲ್ಲಾ ಸುರುವಿ ಕುಂತ್ರ ಆವಾಗ ಯಾರ ಮನಿಗೆ ಕಡಾ ಕೇಳಾಕ ಹೋಗೂದು?” ಎಂದಳು. ಇಂಟರ್ನೆಟ್ಟು ಜೋಳವಲ್ಲ ಎಂದು ತಿಳಿಸಿ ಹೇಳಲು ಬಾಯಿ ತೆರೆದೆ. ಹಾಗಾದರೆ ಬಳಸದೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂದು ಆಕೆ ಕೇಳಿದರೆ ಏನು ಹೇಳಲಿ ಎಂದು ಹೊಳೆದು, ಪೇಪರಿನಲ್ಲಿ ಮುಖ ಹುದುಗಿಸಿದೆ.

ಆ ಒಂದು ತಾಸಿಗಾಗಿ ಜೀವ ಹಿಡಿದು ಕಾಯುತ್ತಿದ್ದವಳು ಶಮ್ಶಾದ್, ಆ ಕೌದಿ ಹೊಲಿದುಕೊಟ್ಟ ಬೀಬಿಜಾನಳ ಮಗಳು. ಪಿಯುಸಿಯಲ್ಲಿ ಎಲ್ಲ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಉಳಿದುಕೊಂಡ ಹುಡುಗಿ. ಈ ಸಲ ಅದೊಂದು ದಾಟಿದರೆ ಗದಗಿನಲ್ಲಿ ನರ್ಸಿಂಗ್ ಕಲಿಯಲು ಅಪ್ಪನ ಒಪ್ಪಿಗೆಯಿದೆ. ದಾಟದಿದ್ದರೆ ಲಕ್ಷ್ಮೇಶ್ವರದಲ್ಲಿ ನೋಡಿಟ್ಟ ವರನಿಗೆ ಹೂಂ ಅನ್ನುವುದೆಂದು ಮಾತಾಗಿದೆ. ಮನೆಯಲ್ಲಿರುವ ಒಂದೇ ಫೋನು ಬಳೆ ಮಾರುವ ಅಪ್ಪನೊಡನೆ ಸಂತೆ ಸಂತೆ ತಿರುಗುವುದರಿಂದ, ಗ್ರಂಥಾಲಯದ ಕಂಪ್ಯೂಟರಿನಲ್ಲಿ ಬರುವ ಇಂಗ್ಲಿಷ್ ಪಾಠಗಳೇ ಅವಳಿಗೆ ಗತಿ. ಪಾಠ ಅರ್ಧಕ್ಕೆ ಬಂದಿರುವಾಗ ನೀಲಕ್ಕ ಕೌದಿ ಹಿಡಿದು ಏಳುತ್ತಿದ್ದಳು.

“ಇನ್ನೊಂದ ಚೂರು ಇರ್ಲಿ ನೀಲಕ್ಕ, ನಿನ್ನ ಕಾಲ ಬೀಳ್ತೀನಿ.”

“ಉಳದದ್ದು ನಾಳಿಗೆ ಆತು. ಪರೀಕ್ಷಾ ಬರ್ಲಿ, ದಿನಪೂರ್ತಿ ನೋಡಾಕಿಯಂತ.”

ಹೀಗಿರುವಾಗ ಗದಗಿನಿಂದ ತಪಾಸಣೆಗೆ ಸಾಹೇಬರು ಬಂದರು. ಎಷ್ಟು ಬಳಸಿದ್ದೀರಿ ಎಂದು ಕೇಳಿದ್ದೇ ತಡ, ನೀಲಕ್ಕ ಸೆರಗು ಸರಿಮಾಡಿಕೊಂಡು, “ಬಂದಾಗಿಂದ ದಂಡ ಮಾಡಿಲ್ರಿ ಸಾಹೇಬ್ರ, ಎಲ್ಲಾ ಹಂಗ ಐತಿ,” ಎಂದು ಗೊಂಡೆಯ ಕೌದಿಯನ್ನು ತೋರಿಸಿದಳು. ಸಾಹೇಬರು ಕೌದಿ ನೋಡಿದರು, ನನ್ನನ್ನು ನೋಡಿದರು, ಕುರ್ಚಿ ಎಳೆದುಕೊಂಡು ಕುಳಿತರು.

“ತಾಯೀ, ಇದು ಕೂಡಿಟ್ರ ಉಳಿಯೂ ಅಂಥಾದ್ದಲ್ಲ. ಬಳಸದ ಊರಿನ ಡಬ್ಬಿ ಕಿತ್ತು ಬ್ಯಾರೆ ಊರಿಗೆ ಕೊಡಾಕ ಹೇಳ್ಯಾರ. ಒಂದ ತಿಂಗಳಾ ನೋಡ್ತೀನಿ, ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ಲ.”

“ಹಂಗಾರ ಇಷ್ಟ ದಿನಾ ಉಳಿಸಿದ್ದು ಎಲ್ಲಿ ಹೋತ್ರಿ?” ಎಂದು ನೀಲಕ್ಕ ಕೇಳಿದಳು. ಸಾಹೇಬರು ಚಹಾ ಕುಡಿದು ಜೀಪು ಹತ್ತಿದರು. ಉಳಿಸಿದ್ದು ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಸರ್ಕಾರದಿಂದ ಉತ್ತರ ಪಡೆದವರು ನನ್ನ ತಿಳಿವಿನ ಮಟ್ಟಿಗೆ ಯಾರೂ ಇಲ್ಲ.

ಮರುದಿನವೇ ಊರಲ್ಲಿ ಡಂಗುರ. ಬೆಳಗಿನಿಂದ ರಾತ್ರಿಯವರೆಗೆ ಗ್ರಂಥಾಲಯಕ್ಕೆ ಬಂದು ಯಾರು ಬೇಕಾದರೂ ಏನು ಬೇಕಾದರೂ ನೋಡಬಹುದು, ಊರ ಮರ್ಯಾದೆ ಉಳಿಸಬೇಕು! ಅದುವರೆಗೆ ಪುಸ್ತಕದ ವಾಸನೆ ಬಂದರೆ ಹಾದಿ ಬದಲಿಸುತ್ತಿದ್ದ ಮಹನೀಯರೆಲ್ಲ ಫೋನು ಹಿಡಿದು ಒಳಗೆ ಬಂದು ಚಕ್ಕಳಮಕ್ಕಳ ಹಾಕಿದರು. ಮುದುಕರು ಕುಸ್ತಿ ನೋಡಿದರು. ಹುಟ್ಟಿದಾಗಿನಿಂದ ರೊಟ್ಟಿ ಬಡಿಯುತ್ತ ಬಂದ ಹೆಂಗಸರು, ಯಾವುದೋ ಪಟ್ಟಣದ ಹುಡುಗಿ ರೊಟ್ಟಿ ಬಡಿಯಲು ಹೆಣಗುವುದನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು. “ಬಳಸ್ರಿ, ಬಳಸ್ರಿ, ಸಂಕೋಚ ಮಾಡಬ್ಯಾಡ್ರಿ,” ಎಂದು ನೀಲಕ್ಕ ಪಂಕ್ತಿಯಲ್ಲಿ ಹುಗ್ಗಿ ಬಡಿಸುವವಳ ಹಾಗೆ ನಡುವೆ ಓಡಾಡಿದಳು. ನಾನೂ ಊರಹಿತಕ್ಕಾಗಿ ಹಳೆಯ ನಾಟಕವೊಂದನ್ನು ಎರಡೆರಡು ಸಲ ನೋಡಿದೆ.

ಇಡೀ ಊರೇ ಇಂಟರ್ನೆಟ್ಟನ್ನು ಜಗ್ಗತೊಡಗಿದಾಗ ಶಮ್ಶಾದಳ ಪಾಠ ನಿಂತುಬಿಟ್ಟಿತು. ಪರದೆಯ ಮೇಲೆ ಇಂಗ್ಲಿಷ್ ಟೀಚರು ಬಾಯಿ ತೆರೆದವರು ತೆರೆದ ಹಾಗೆಯೇ. ಮೂಗಿನ ಮೇಲೊಂದು ಚಕ್ರ ಗರಗರ ತಿರುಗುತ್ತಿತ್ತು. ಒಂದು ವಾರ ಆ ಹುಡುಗಿ ಆ ಚಕ್ರ ನೋಡುತ್ತ ಕುಳಿತಳು. ಆಮೇಲೊಂದು ದಿನ ಎದ್ದು ನಿಂತಳು.

“ನೀಲಕ್ಕ, ಉಳಿಸೂ ಮುಂದ ನನಗ ಒಂದ ತಾಸು ಕೊಟ್ಟಿ. ಈಗ ಸುರುವೂ ಮುಂದ ಅದೂ ಇಲ್ಲ. ಡಬ್ಬಿ ಊರಾಗ ಉಳಿಸ್ಕೊಳ್ರಿ, ನನ್ನ ಲಕ್ಷ್ಮೇಶ್ವರಕ್ಕ ಕಳಿಸಿಬಿಡ್ರಿ.”

ಮಾತು ಮುಗಿಯುವಷ್ಟರಲ್ಲಿ ಅವಳ ದನಿ ಒಡೆಯಿತು. ಯಾರದೋ ಕೈಯ ಫೋನಿನಲ್ಲಿ ಕುಸ್ತಿಯ ಸಿಳ್ಳೆ ಕೇಳುತ್ತಲೇ ಇತ್ತು. ಗೆಳೆಯರೇ, ಸರ್ಕಾರ ಲೆಕ್ಕ ಹಿಡಿಯುವುದು ಎಷ್ಟು ಹರಿಯಿತು ಎಂದು; ಯಾರ ಹೊಲಕ್ಕೆ ಹರಿಯಿತು ಎಂದಲ್ಲ. ಅದನ್ನು ನೋಡಬೇಕಾದವರು ನಾವು, ಮತ್ತು ನಾವು ರೊಟ್ಟಿ ನೋಡಿ ನಗುತ್ತಿದ್ದೆವು.

ನೀಲಕ್ಕ ಮೂಲೆಯ ಕಸಬರಿಗೆ ಕೈಗೆತ್ತಿಕೊಂಡಳು. “ಏಳ್ರಿ, ಏಳ್ರಿ ಎಲ್ಲಾರೂ! ಮಧ್ಯಾಹ್ನತನಕಾ ಈಕಿ ಓದ್ತಾಳ. ನಿಮ್ಮ ಕುಸ್ತಿ ಸಂಜಿಕ್ಕ. ಮಾಸ್ತರ್ರ, ನೀವೂ ಏಳ್ರಿ, ನೋಡಿದ ನಾಟಕಾನ ಎಷ್ಟ ಸಲ ನೋಡ್ತೀರಿ?” ಎಲ್ಲರೂ ಹೊರಬಿದ್ದ ಮೇಲೆ ರಾತ್ರಿ ಡಬ್ಬಿಗೆ ಮುಚ್ಚಲೆಂದು ಮಡಿಸಿಟ್ಟಿದ್ದ ಕೌದಿ ತಂದು ಕುರ್ಚಿಯ ಮೇಲೆ ಹಾಸಿ, “ಕುಂಡ್ರವಾ, ಕುರ್ಚಿ ಭಾಳ ಬಿರುಸೈತಿ,” ಎಂದಳು. ಅಂದಿನಿಂದ ಡಬ್ಬಿ ಬತ್ತಲೆಯಾಗಿಯೇ ಮಿಣುಗುತ್ತಿದೆ.

ಸಂಜೆಯ ಕುಸ್ತಿಯೊಂದರ ಬಳಕೆಯೇ ಸಾಹೇಬರ ಲೆಕ್ಕಕ್ಕೆ ಸಾಕಾಯಿತು, ಡಬ್ಬಿ ಊರಲ್ಲಿ ಉಳಿಯಿತು. ಶಮ್ಶಾದ್ ಪರೀಕ್ಷೆ ಬರೆದಳು. ಫಲಿತಾಂಶದ ದಿನ ಗ್ರಂಥಾಲಯದ ಕಂಪ್ಯೂಟರಿನಲ್ಲೇ ನೋಡಿದೆವು. ಬೀಬಿಜಾನ್ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು. “ಪಾಸ್!” ಎಂದು ಶಮ್ಶಾದ್ ಚೀರಿ ಅವ್ವನನ್ನು ತಬ್ಬಿಕೊಂಡು ಅಳತೊಡಗಿದಳು. ನೀಲಕ್ಕ ಕನ್ನಡಕ ಏರಿಸಿ ಪರದೆಯ ಮೇಲಿನ ಮಾರ್ಕಿನತ್ತ ಬಗ್ಗಿದಳು.

“ಪಾಸಾಗಾಕ ಎಷ್ಟ ಬೇಕಿತ್ರಿ ಮಾಸ್ತರ್ರ?”

“ಅಷ್ಟ ನೀಲಕ್ಕ, ಅಲ್ಲಿ ಕಾಣಾಕತ್ತೈತಲ್ಲ, ಅಷ್ಟ.”

ಆಕೆಯ ಮುಖ ಅರಳಿತು. “ನೋಡ್ರಿ, ನೋಡ್ರಿ! ನಮ್ಮ ಹುಡುಗಿ ಒಂದ ಮಾರ್ಕ್ ಸೈತ ದಂಡ ಮಾಡಿಲ್ಲ!”