ಕೂರಲಾಗದ ಅಕ್ಕ

ಮಾತ್ರೆ ಶುರುವಾದ ಮೇಲೆ ಅಕ್ಕನ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು. ಕಾಲುಗಳು ಮಾತ್ರ ನಿಲ್ಲಲೊಲ್ಲವು. ಚಿಗಟೇರಿಯ ನಮ್ಮ ಮನೆಯಲ್ಲಿ ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ದಿನವಿಡೀ ಓಡಾಟ. ಚಹಾವನ್ನೂ ನಿಂತೇ ಕುಡಿಯುತ್ತಿದ್ದಳು.

"ಕೊಟ್ಟೂರಜ್ಜ ಕರಿಯಾಕತ್ಯಾನ," ಎಂದಳು ಅವ್ವ. ಮಗಳಿಗೆ ಹುಷಾರಾದರೆ ಕೊಟ್ಟೂರಿನ ಅಜ್ಜನ ಗುಡಿಗೆ ನಡೆಸಿಕೊಂಡು ಬರುತ್ತೇನೆಂದು ದೇವರಿಗೆ ಹರಕೆ ಹೊತ್ತಿದ್ದಳು, ತೀರಿಸಿರಲಿಲ್ಲ. ಅದಕ್ಕೇ ಕಾಲು ಸುಮ್ಮನಿಲ್ಲ ಎಂಬುದು ಅವಳ ನಂಬಿಕೆ. ನಾಲ್ಕಕ್ಷರ ಕಲಿತವಳೆಂದು ಬೀಗುವ ನಾನೂ ತಲೆಯಾಡಿಸಿದೆ.

ಒಂದು ಸೋಮವಾರ ನಸುಕಿಗೆ ಮೂವರೂ ನಡೆದು ಹೊರಟೆವು. ಅಕ್ಕ ಮುಂದೆ, ನಾವು ಏದುಸಿರು ಬಿಡುತ್ತ ಹಿಂದೆ. "ಭಕ್ತಿ ಅಂದ್ರ ಇದು ನೋಡ್ರಿ," ಎಂದರು ದಾರಿಯಲ್ಲಿ ಸಿಕ್ಕವರು. ಅವ್ವ ಉಬ್ಬಿಹೋದಳು. ಸುಳ್ಳೇಕೆ, ನನಗೂ ಹೆಮ್ಮೆಯಾಯಿತು.

ದರ್ಶನ ಮುಗಿಸಿ ದಾಸೋಹಕ್ಕೆ ಕೂತೆವು. ತಾಟಿಗೆ ಅನ್ನ ಬೀಳುವಷ್ಟರಲ್ಲಿ ಅಕ್ಕ ಎದ್ದುಬಿಟ್ಟಳು. ಪಂಕ್ತಿಯ ನಡುವೆ ಏಳುವುದು ಪ್ರಸಾದಕ್ಕೆ ಅಪಚಾರ. ಜನ ತಿರುಗಿ ನೋಡಿದರು. ನನ್ನ ಸಿಟ್ಟು ನೆತ್ತಿಗೇರಿತು. ಭುಜ ಹಿಡಿದು ಒತ್ತಿ ಕೂರಿಸಿದೆ. ನನ್ನ ಕೈ ಕೆಳಗೆ ಅವಳ ಮೈಯೆಲ್ಲ ಮಿಸುಕಾಡುತ್ತಿತ್ತು.

"ಕುಂದ್ರಾಕ ಆಗವಲ್ದಲೇ," ಎಂದಳು ಮೆಲ್ಲಗೆ. "ಮೂರು ತಿಂಗಳಾತು. ಒಳಗ ಏನೋ ಎಬ್ಬಸ್ತೈತಿ. ನನ್ನ ಯಾವ ಅಜ್ಜನೂ ಕರದಿಲ್ಲ. ಹೇಳಿದ್ರ ಮತ್ತ ತಲಿ ಕೆಟ್ಟೈತಿ ಅಂತೀರಿ ಅಂತ ಸುಮ್ನಿದ್ದೆ."

ಭುಜದ ಮೇಲಿದ್ದ ಕೈ ತೆಗೆದೆ. ಒಂದೇ ಮನೆಯಲ್ಲಿದ್ದುಕೊಂಡು ಯಾಕೆ ಓಡಾಡುತ್ತೀ ಎಂದು ನಾವು ಅವಳನ್ನೇ ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಮರುದಿನವೇ ಹರಪನಹಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಅವರು ನಮ್ಮನ್ನಲ್ಲ, ಅಕ್ಕನನ್ನೇ ಎಲ್ಲ ಕೇಳಿ, ಅವಳ ಮುಖ ನೋಡಿಯೇ ಮಾತಾಡಿದರು. "ಇದು ಹೊಸಾ ರೋಗ ಅಲ್ರಿ, ಮಾತ್ರಿಯಿಂದ ಬಂದದ್ದು. ಕೆಲವ್ರಿಗೆ ಹಿಂಗಾಗತೈತಿ. ನೀವಾಗೇ ಬಿಡಬ್ಯಾಡ್ರಿ, ನಾನು ಬದಲಿ ಮಾಡಿ ಕೊಡ್ತೀನಿ." ಹೊರಗೆ ಬಂದ ಮೇಲೆ ಅಕ್ಕ ಬಸ್ ನಿಲ್ದಾಣದವರೆಗೂ ಅತ್ತಳು.

ದಿನ ಕಳೆದಂತೆ ಓಡಾಟ ತಗ್ಗಿತು. ದನಿಗಳೂ ಮರಳಲಿಲ್ಲ. ಅವ್ವನಿಗೆ ಮಾತ್ರ ಒಳಗೊಳಗೇ ಪಿಚ್ಚೆನಿಸಿತು. ಊರೆಲ್ಲ ಹೊಗಳಿದ ಭಕ್ತಿ ಮಾತ್ರೆಯ ಕಾಟವಾಗಿತ್ತಲ್ಲ.

ಎರಡು ತಿಂಗಳಾದ ಮೇಲೆ ಮತ್ತೆ ಕೊಟ್ಟೂರಿಗೆ ಹೋದೆವು, ಈ ಸಲ ಬಸ್ಸಿನಲ್ಲಿ. ಅಕ್ಕ ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡಳು. ಪಂಕ್ತಿ ಎದ್ದಿತು. ಕಸಬರಿಗೆ ಹಿಡಿದ ಹೆಂಗಸು ಬಂದು ನಿಂತಳು. ನಾನು ಅವಸರ ಮಾಡಿದೆ.

"ತಡಿಲೇ," ಎಂದಳು ಅಕ್ಕ, ಚಕ್ಕಳಮಕ್ಕಳ ಹಾಕಿದ್ದ ಮೊಣಕಾಲ ಮೇಲೆ ಕೈಯಿಟ್ಟು. "ಇನ್ನಷ್ಟು ಹೊತ್ತು ಕುಂದರ್ತೀನಿ."

ನಾನೂ ಪಕ್ಕದಲ್ಲಿ ಕೂತೆ.